ಷಡ್ಜ ಹಾಡುವವರದು

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂತು. ಮುಂದಿನ ತಿಂಗಳು ಮೊದಲ ಸಲ ಹಾಡುಗಾರಿಕೆಗೆ ಪಿಟೀಲು ಪಕ್ಕವಾದ್ಯ ನುಡಿಸುತ್ತೀಯಂತೆ, ಸಂತೋಷ. ರಾಗ, ಸ್ವರಪ್ರಸ್ತಾರದ ಮಾತೆತ್ತದೆ ನೀನು ಕೇಳಿರುವುದು ಒಂದೇ: ಶ್ರುತಿ ಸರಿಯೆಂದು ಮೊಬೈಲಿನಲ್ಲಿ ಹಸಿರು ಬಂದರೂ ತಂಬೂರಿಯ ಜೊತೆ ಕಮಾನು ಎಳೆದರೆ ಏನೋ ಕಚ್ಚಿದಂತಾಗುತ್ತದೆ, ಯಾಕೆ? ಕಚ್ಚುವುದು ಕೇಳಿಸುತ್ತಿದೆಯಲ್ಲ, ಅರ್ಧ ಕೆಲಸ ಆಯಿತು. ವರ್ಷಗಟ್ಟಲೆ ನುಡಿಸಿದವರಲ್ಲೂ ಅದು ಕೇಳಿಸದವರಿದ್ದಾರೆ, ಹೆಸರು ಬೇಡ.

ಮೊದಲು ಆ ಹಸಿರಿನ ವಿಚಾರ. ಅದು ಒಂದು ಚುಕ್ಕಿಯಲ್ಲ, ಆಚೀಚೆ ಸ್ವಲ್ಪ ಜಾಗವಿರುವ ಪಟ್ಟಿ. ಆ ಪಟ್ಟಿಯ ಒಂದು ಅಂಚಿನಲ್ಲಿ ಷಡ್ಜ, ಇನ್ನೊಂದು ಅಂಚಿನಲ್ಲಿ ಪಂಚಮ ಕೂತರೂ ಮೊಬೈಲು ಎರಡಕ್ಕೂ ಶಹಬ್ಬಾಸ್ ಅನ್ನುತ್ತದೆ. ಜೊತೆಗೆ ಅದು ಸ್ಥಾಯಿಯನ್ನು 12 ಸಮಭಾಗ ಮಾಡಿ ಅಳೆಯುತ್ತದೆ. ತಂಬೂರಿಯ ಪಂಚಮ ಹಾಗೆ ಹುಟ್ಟಿದ್ದಲ್ಲ. ಷಡ್ಜಕ್ಕೂ ಅದಕ್ಕೂ 2ಕ್ಕೆ 3ರ ಸಂಬಂಧ. ಸಮಭಾಗದ ಪಂಚಮ ಇದಕ್ಕಿಂತ ಕೂದಲೆಳೆಯಷ್ಟು, ಅಂದರೆ ಅರ್ಧಸ್ವರದ ಸುಮಾರು 50ರಲ್ಲಿ ಒಂದು ಪಾಲು ಕೆಳಗೆ. ಎರಡು ಕಟ್ಟೆ ಶ್ರುತಿಯಲ್ಲಿ, ಅಂದರೆ ಪಾಶ್ಚಾತ್ಯರ ಡಿ ಷಡ್ಜವಾದಾಗ, ಮಂದ್ರ ಷಡ್ಜ, ಪಂಚಮ ಎರಡನ್ನೂ ಮೊಬೈಲು ಹೇಳಿದ ಹಾಗೆಯೇ ನಿಲ್ಲಿಸಿ ಒಟ್ಟಿಗೆ ಕಮಾನು ಎಳೆದು ನೋಡು. ಎರಡು ಸೆಕೆಂಡಿಗೊಮ್ಮೆ ನಾದ ಮೆಲ್ಲಗೆ ಉಬ್ಬಿ ಇಳಿಯುತ್ತದೆ. ಬಿರಡೆಯನ್ನು ಉಸಿರಿನಷ್ಟು ಏರಿಸಿದರೆ ಆ ಅಲೆ ನಿಧಾನವಾಗುತ್ತಾ ಹೋಗಿ ಒಂದು ಕ್ಷಣ ನಿಂತುಬಿಡುತ್ತದೆ. ನಿಂತದ್ದೇ ಪಂಚಮ.

ಆದ್ದರಿಂದ ಯಂತ್ರದಿಂದ ಬೇಕಿದ್ದರೆ ಒಂದೇ ತಂತಿಯನ್ನು ತೆಗೆದುಕೋ, ಎರಡನೆಯದನ್ನು, ಮಧ್ಯ ಷಡ್ಜವನ್ನು. ಅದಕ್ಕೆ ಒಂದನೆಯ ತಂತಿಯ ಪಂಚಮ ಕೂಡಿಸು, ಆಮೇಲೆ ಮಂದ್ರ ಪಂಚಮ, ಕೊನೆಗೆ ಮಂದ್ರ ಷಡ್ಜ. ಕಮಾನು ಹಗುರವಾಗಿರಲಿ. ಒತ್ತಿ ಎಳೆದರೆ ತಂತಿ ತನ್ನ ನಿಜವಾದ ಶ್ರುತಿಯನ್ನು ಹೇಳುವುದಿಲ್ಲ. ನಾಲ್ಕೂ ಆದ ಮೇಲೆ ಮತ್ತೆ ಮೊದಲಿನಿಂದ ನೋಡು, ಏಕೆಂದರೆ ಒಂದು ತಂತಿ ಬಿಗಿದರೆ ತಂತಿಗಳನ್ನು ಹೊತ್ತ ಕುದುರೆಯ ಮೇಲಿನ ಭಾರ ಬದಲಾಗಿ ಉಳಿದವು ಸ್ವಲ್ಪ ಇಳಿದಿರುತ್ತವೆ.

ಇನ್ನು ಯಾವ ಷಡ್ಜ ಎಂಬ ಪ್ರಶ್ನೆ. ನಾನು ಈ ಕಾಗದ ಬರೆಯಲು ಕೂತದ್ದೇ ಇದಕ್ಕೆ. ಪಾಶ್ಚಾತ್ಯರ ಪಿಟೀಲಿನಲ್ಲಿ ತಂತಿಗಳು ಜಿ, ಡಿ, ಎ, ಇ ಎಂದು ನಿಂತಿರುತ್ತವೆ. ಆ ಎ ಸೆಕೆಂಡಿಗೆ 440 ಕಂಪನ ಇರಲಿ ಎಂದು 1939ರಲ್ಲಿ ಲಂಡನ್ನಿನ ಸಮ್ಮೇಳನವೊಂದು ಶಿಫಾರಸು ಮಾಡಿತು. ನಮ್ಮಲ್ಲಿ ಅಂಥ ಯಾವ ಕಟ್ಟಳೆಯೂ ಇಲ್ಲ. ಹಾಡುವವರ ಕಂಠ ಎಲ್ಲಿ ಕೂರುತ್ತದೋ ಅಲ್ಲೇ ಷಡ್ಜ. ಗಂಡಸರಿಗೆ ಸಾಮಾನ್ಯವಾಗಿ ಒಂದರಿಂದ ಎರಡೂವರೆ ಕಟ್ಟೆ, ಹೆಂಗಸರಿಗೆ ನಾಲ್ಕೂವರೆ, ಐದು, ಐದೂವರೆ. ನೀನು ನುಡಿಸಬೇಕಾದವರದು ಐದು ಎಂದು ಬರೆದಿದ್ದೀಯ. ಅದೃಷ್ಟವಂತೆ! ಐದು ಕಟ್ಟೆ ಎಂದರೆ ಜಿ. ದಪ್ಪ ತಂತಿಗಳೆರಡೂ ತಾವು ಹುಟ್ಟಿದ ಜಾಗದಲ್ಲೇ ಇರುತ್ತವೆ; ಎ ಮತ್ತು ಇ ತಂತಿಗಳು ಒಂದೊಂದು ಪೂರ್ಣಸ್ವರ ಇಳಿದರೆ ಸಾಕು, ಸ-ಪ-ಸ-ಪ ಸಿದ್ಧ. ಮುಂದೆ ಎರಡು ಕಟ್ಟೆಯವರಿಗೆ ಕೂತಾಗ ಕಷ್ಟ ಗೊತ್ತಾಗುತ್ತದೆ. ಆಗ ನಾಲ್ಕೂ ತಂತಿ ಬಹಳ ಕೆಳಗಿಳಿಯಬೇಕು, ಮೇಲಿನ ಎರಡು ಸಡಿಲಾಗಿ ಜೋಲುತ್ತವೆ. ಅದಕ್ಕೇ ಕೆಲವರು ಇ ಇರಬೇಕಾದಲ್ಲಿ ಎ ತಂತಿ, ಎ ಇರಬೇಕಾದಲ್ಲಿ ಡಿ ತಂತಿ ಹಾಕಿಕೊಳ್ಳುತ್ತಾರೆ. ಎರಡು ಕಟ್ಟೆಯ ಷಡ್ಜ-ಪಂಚಮ ಅವುಗಳ ಸ್ವಂತ ಊರು.

ಐದು ಎಂದು ಹೇಳಿದ್ದಾರೆಂದು ಮನೆಯಲ್ಲೇ ಶ್ರುತಿ ಮಾಡಿ ಮುಗಿಸಿಕೊಂಡು ಹೋಗಬೇಡ. ಆ ದಿನ ಅವರಿಗೆ ನೆಗಡಿ ಇರಬಹುದು. ಶ್ರುತಿಪೆಟ್ಟಿಗೆಯ ತಿರುಪನ್ನು ಕಾಲು ಭಾಗ ಇಳಿಸಿಕೊಂಡು ಯಾರಿಗೂ ಹೇಳದೆ ಕೂತಿರಬಹುದು. ಅವರ ತಂಬೂರಿ ನಿನ್ನ ಕಿವಿಗೆ ಚೆನ್ನಾಗಿ ಬೀಳುವಲ್ಲಿ ಕೂತು, ಅದನ್ನು ಸುಮ್ಮನೆ ಸ್ವಲ್ಪ ಹೊತ್ತು ಕೇಳು, ಆಮೇಲೆ ಕಮಾನು ಹಿಡಿ. ನಿಜವಾದ ತಂಬೂರಿ ಇದ್ದು ಅದು ಚೆನ್ನಾಗಿ ಕೂಡಿದ್ದರೆ, ಯಾರೂ ಮೀಟದ ಅಂತರ ಗಾಂಧಾರ ಒಳಗಿನಿಂದ ಕೇಳುತ್ತದೆ. ಅದು ಕೇಳಿಸಿದ ದಿನ ನಿನ್ನ ಕೆಲಸ ಸಲೀಸು. ಮೃದಂಗದವರು ಕಲ್ಲಿನಿಂದ ತಟ್ಟುತ್ತಾ ಶ್ರುತಿ ಮಾಡುತ್ತಿದ್ದರೆ ಕಾಯಿ, ಪೈಪೋಟಿಗೆ ಇಳಿಯಬೇಡ.

ಬಿರಡೆಯ ಬಗ್ಗೆ ಎರಡು ಮಾತು. ಅದಕ್ಕೆ ಮೊಳೆಯಿಲ್ಲ, ಹಲ್ಲಿಲ್ಲ. ತೂತಿನಲ್ಲಿ ಮರ ಮರವನ್ನು ಕಚ್ಚಿ ಹಿಡಿಯುವ ಬಲವೊಂದೇ. ಹಾಗಾಗಿ ತಿರುಗಿಸುವಾಗಲೇ ಒಳಕ್ಕೆ ಒತ್ತು. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬಂದು ನಿಲ್ಲಿಸು. ಮೇಲಿನಿಂದ ಇಳಿಸಿ ನಿಲ್ಲಿಸಿದ ತಂತಿ ಮೇಲ್ತುದಿಯ ಗೀರಿನಲ್ಲಿ ಸಿಕ್ಕಿಕೊಂಡು, ಪಲ್ಲವಿಯ ನಡುವೆ ಜಾರುತ್ತದೆ. ಆ ಗೀರಿಗೆ ಪೆನ್ಸಿಲ್ಲಿನ ಸೀಸ ಸ್ವಲ್ಪ ಉಜ್ಜಿದರೆ ತಂತಿ ಸರಾಗವಾಗಿ ಓಡುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಮರ ಉಬ್ಬಿ ಬಿರಡೆ ಅಲುಗುವುದೇ ಇಲ್ಲ, ಬಿಸಿಲಿನ ಕಲಬುರಗಿಯಲ್ಲಿ ಒಣಗಿ ತಾನೇ ಬಿಚ್ಚಿಕೊಳ್ಳುತ್ತದೆ. ಹವಾನಿಯಂತ್ರಿತ ಸಭಾಂಗಣವೂ ಕಲಬುರಗಿಯೇ ಎಂದು ತಿಳಿ. ಅರ್ಧ ಗಂಟೆ ಮೊದಲೇ ಪೆಟ್ಟಿಗೆ ತೆರೆದಿಡು.

ಕುದುರೆಯ ಮೇಲೆ ಒಂದು ಕಣ್ಣಿರಲಿ. ಬಿರಡೆ ಬಿಗಿದಷ್ಟೂ ತಂತಿಗಳು ಅದರ ತಲೆಯನ್ನು ಬಿರಡೆಯ ಕಡೆಗೆ ಎಳೆಯುತ್ತವೆ. ಬಾಲದ ಕಡೆಯ ಮುಖ ನೆಟ್ಟಗಿರಬೇಕು. ವಾಲಿದ್ದರೆ ಎರಡು ಕೈಯ ಬೆರಳಿನಿಂದ ಮೆಲ್ಲಗೆ ಸರಿಮಾಡು. ನಾಲ್ಕೂ ತಂತಿಯನ್ನು ಒಮ್ಮೆಲೇ ಎಂದೂ ಬಿಚ್ಚಬೇಡ. ಒಳಗಿನ ಗೂಟ ಬಿದ್ದರೆ ರಿಪೇರಿಯವರ ಬಳಿಗೇ ಓಡಬೇಕು. ಬಾಲದ ಮೇಲಿನ ಸಣ್ಣ ತಿರುಪುಗಳು ಅರ್ಧದಲ್ಲಿರಲಿ, ಪೂರ್ತಿ ಇಳಿದರೆ ಮೇಲ್ಹಲಗೆಯನ್ನು ಗೀರುತ್ತವೆ.

ನಾಲ್ಕು ತಂತಿಗೇ ಇಷ್ಟು ರಗಳೆಯಾ ಅನ್ನಬೇಡ. ಮೈಕು ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲಿ ಎಂದು ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಸಿಕೊಂಡರು. ಕಚೇರಿಯ ನಡುವೆ ಆ ಏಳನ್ನೂ ಕೂಡಿಸಿಟ್ಟುಕೊಳ್ಳುವ ಕಿವಿ ಎಂಥದ್ದಿರಬೇಕು, ಯೋಚಿಸು.

ಕಚೇರಿಯ ನಡುವೆ ಶ್ರುತಿ ಇಳಿದರೆ ಕೃತಿಗಳ ನಡುವಿನ ಚಪ್ಪಾಳೆಯಲ್ಲಿ ನೋಡಿಕೋ. ಕಮಾನು ಬೇಡ, ಹೆಬ್ಬೆರಳಿನಿಂದ ಮೀಟು, ನಿನಗೆ ಮಾತ್ರ ಕೇಳುವಷ್ಟು. ಗಾಯಕಿ ಮುಂದಿನ ರಾಗಕ್ಕೆ ಗಂಟಲು ತೆರೆದ ಮೇಲೆ ಬಿರಡೆ ಮುಟ್ಟಬಾರದು, ಅವರ ಷಡ್ಜವೇ ಅಲುಗುತ್ತದೆ. ಅಷ್ಟರಲ್ಲಿ ಸರಿಯಾಗದಿದ್ದರೆ ಆ ತಂತಿಯನ್ನು ಬಿಟ್ಟು ಪಕ್ಕದ ತಂತಿಯಲ್ಲಿ ಬೆರಳಿಟ್ಟು ನುಡಿಸು. ಗೆರೆಗಳಿಲ್ಲದ ಪಟ್ಟಿಯ ಅನುಕೂಲವೇ ಅದು.

ಪೆಟ್ಟಿಗೆಯಲ್ಲಿ ಒಂದನೆಯ ತಂತಿ ಇನ್ನೊಂದಿರಲಿ. ಅಂಗಡಿಯ ಹೊಸದಲ್ಲ, ವಾರವಿಡೀ ಪಿಟೀಲಿನಲ್ಲಿದ್ದು ಎಳೆದು ಪಳಗಿ ತೆಗೆದಿಟ್ಟದ್ದು. ಹೊಸ ತಂತಿ ಎರಡು ಮೂರು ದಿನ ಇಳಿಯುತ್ತಲೇ ಇರುತ್ತದೆ. ನೀನು ಈ ಭಾನುವಾರವೇ ಒಂದನ್ನು ಏರಿಸಿಬಿಡು.

ಇಂತಿ,
ನಿನ್ನ ದೊಡ್ಡಪ್ಪ