ಅತ್ತಿ ಜಾತಿಯ ನೆರಳು ಮರಗಳಲ್ಲಿ ತೊಗಟೆ ಹುಣ್ಣು ಮತ್ತು ಕೊಂಬೆ ಒಣಗು ರೋಗ

ಅತ್ತಿ, ಬಸರಿ, ಗೋಣಿ ಮರಗಳು ಕಾಫಿ ತೋಟದ ಕಾಯಂ ನೆರಳಿಗೆ ಹೆಸರಾದವು. ಹಾಲುವಾಣ ಹೋದರೆ ಕೆಲವೇ ವರ್ಷಗಳಲ್ಲಿ ಇನ್ನೊಂದನ್ನು ಎಬ್ಬಿಸಬಹುದು. ನಲವತ್ತು ವರ್ಷದ ಅತ್ತಿ ಹೋದರೆ ಆ ನೆರಳನ್ನು ನಮ್ಮ ಮಕ್ಕಳೇ ಕಾಣಬೇಕು. ಆದ್ದರಿಂದ ಈ ಮರಗಳ ಕೊಂಬೆಗಳು ಒಂದೊಂದಾಗಿ ಒಣಗುವ ರೋಗದ ಬಗ್ಗೆ ಸದಸ್ಯರ ಗಮನ ಸೆಳೆಯಬಯಸುತ್ತೇವೆ.

ರೋಗದ ಗುರುತು: ಮೊದಲು ಒಂದೇ ಕೊಂಬೆಯ ಎಲೆಗಳು ಹಳದಿಯಾಗಿ ಜೋತು ಬೀಳುತ್ತವೆ. ಕೊಂಬೆ ತುದಿಯಿಂದ ಹಿಂದಕ್ಕೆ ಒಣಗುತ್ತದೆ. ಅದರ ಬುಡದ ಕಡೆ ನೋಡಿದರೆ ತೊಗಟೆ ಕುಸಿದು ಬಿರಿದಿರುತ್ತದೆ. ಕತ್ತಿಯಿಂದ ಕೆತ್ತಿದರೆ ಒಳಗೆ ಕಂದು ಬಣ್ಣ; ಕೆಲವೊಮ್ಮೆ ತೊಗಟೆಯಡಿಯಲ್ಲಿ ಮಸಿಯಂಥ ಕಪ್ಪು ಪುಡಿ. ಬೇರು ರೋಗದಲ್ಲಾದರೆ ಸಾಮಾನ್ಯವಾಗಿ ಇಡೀ ಮರವೇ ಕಳೆಗುಂದುತ್ತದೆ. ಇಲ್ಲಿ ಒಂದು ಕೊಂಬೆ ಸತ್ತರೂ ಪಕ್ಕದ್ದು ಹಸಿರಾಗಿರುತ್ತದೆ.

ಕಾರಣ: ಇದು ಶಿಲೀಂಧ್ರಗಳ ಕೆಲಸ. ಇವುಗಳ ಅಭ್ಯಾಸ ಹೆಚ್ಚಾಗಿ ನಡೆದಿರುವುದು ಅತ್ತಿಯ ಬಂಧುವಾದ ಅಂಜೂರದಲ್ಲಿ. ಕ್ಯಾಲಿಫೋರ್ನಿಯಾದ ಅಂಜೂರ ತೋಟಗಳಲ್ಲಿ ಡಯಾಪೋರ್ತೆ ಸಿನೆರಾಸೆನ್ಸ್ ಎಂಬುದು ಕೊಂಬೆ ಸವರಿದ ಗಾಯಗಳ ಮೂಲಕ ಒಳಸೇರುತ್ತದೆ. ಮಳೆಹನಿ ಅದರ ಬೀಜಕಣಗಳನ್ನು ಸಿಡಿಸಿ ಹರಡುತ್ತದೆ. ಇನ್ನೊಂದು ನಿಯೋಸೈಟಲಿಡಿಯಂ ಡಿಮಿಡಿಯೇಟಂ. ಇದನ್ನು 1933ರಲ್ಲಿ ನಾಟ್ರಾಸ್ ಎಂಬ ವಿಜ್ಞಾನಿ ಈಜಿಪ್ಟಿನ ಹಣ್ಣಿನ ಮರಗಳಲ್ಲಿ ಕಂಡು, ಹೆಂಡರ್ಸೋನ್ಯುಲಾ ಟೊರುಲಾಯ್ಡಿಯಾ ಎಂದು ವಿವರಿಸಿದ್ದರು. ಇದಕ್ಕೆ ಸೆಕೆ ಪ್ರಿಯ; ಬಿಸಿಲಿಗೆ ಸುಟ್ಟ ತೊಗಟೆಯೇ ಇದರ ಬಾಗಿಲು. ಆ ಕಪ್ಪು ಪುಡಿ ಇದರ ಬೀಜಕಣ, ಗಾಳಿಯಲ್ಲಿ ಹಾರುತ್ತದೆ. ಮನುಷ್ಯರ ಉಗುರು, ಚರ್ಮಕ್ಕೂ ಇದು ತಗಲುವುದುಂಟು. ಆದುದರಿಂದ ಕೆಲಸ ಮುಗಿದ ಮೇಲೆ ಕೈಕಾಲು ತೊಳೆಯಬೇಕು.

ಹೀಗೆ ಒಂದಕ್ಕೆ ಮಳೆ, ಇನ್ನೊಂದಕ್ಕೆ ಬಿಸಿಲು. ಎರಡಕ್ಕೂ ದಾರಿ ಮಾಡಿಕೊಡುವವರು ಬಹುಮಟ್ಟಿಗೆ ನಾವೇ.

ಒಂದು ವರ್ಷ ಆಳುಗಳು ಸಿಕ್ಕಿದ್ದೇ ಭಾಗ್ಯವೆಂದು ನಮ್ಮ ತೋಟದ ಒಂದು ಸಾಲು ಅತ್ತಿಗೆ ಮಾರ್ಚಿಯಲ್ಲೇ ಪೂರ್ತಿ ಮರಗಸಿ ಮಾಡಿಸಿದೆವು. ಕೊಂಬೆಗಳು ತೊಗಟೆ ಸೀಳಿಕೊಂಡು ಬಿದ್ದವು, ಮೊಳದುದ್ದದ ಮೋಟುಗಳು ಉಳಿದವು, ಗಾಯಕ್ಕೆ ಏನನ್ನೂ ಬಳಿಯಲಿಲ್ಲ. ಬಿಸಿಲಿಗೆ ತೊಗಟೆ ಸುಟ್ಟಿತು. ಮಳೆಗಾಲದಲ್ಲಿ ಮೋಟುಗಳು ಕೊಳೆತವು. ಮೂರನೇ ವರ್ಷ ಎರಡು ಮರಗಳನ್ನು ಕಳೆದುಕೊಂಡೆವು. ಕೆಳಗಿನ ಕಾಫಿ ಹಳದಿಗೆ ತಿರುಗಿತು. ಉಳಿಸಿದ ಕೂಲಿಗಿಂತ ಕಳೆದುಕೊಂಡದ್ದೇ ಹೆಚ್ಚಾಯಿತು.

ಅನುಸರಿಸಬೇಕಾದ ಕ್ರಮಗಳು:

1. ಒಣಗಿದ ಕೊಂಬೆಗಳನ್ನು ಜನವರಿ-ಫೆಬ್ರವರಿಯ ಒಣ ಹವೆಯಲ್ಲಿ ತೆಗೆಯಿರಿ. ಅವುಗಳಲ್ಲಿ ಎಲೆ ಇಲ್ಲದ ಕಾರಣ ಕಾಫಿಯ ನೆರಳಿಗೆ ನಷ್ಟವಿಲ್ಲ. ಕಂದು ಬಣ್ಣ ಮುಗಿದ ಜಾಗದಿಂದ ಅರ್ಧ ಅಡಿ ಕೆಳಗೆ, ಶುದ್ಧ ಮರ ಕಾಣುವಲ್ಲಿ ಕಡಿಯಿರಿ.

2. ಹಸಿ ಕೊಂಬೆಯ ಮರಗಸಿಯನ್ನು ಹೂಮಳೆಯ ನಂತರ, ಮುಂಗಾರಿಗೆ ಸಾಕಷ್ಟು ಮುಂಚೆ, ಮಳೆಯಿಲ್ಲದ ದಿನ ನೋಡಿ ಮಾಡಿಸಿ. ಒಂದೇ ವರ್ಷದಲ್ಲಿ ಮರವನ್ನು ಬೋಳು ಮಾಡಬೇಡಿ. ದಪ್ಪ ಕೊಂಬೆಗೆ ಮೊದಲು ಅಡಿಯಿಂದ ಕಚ್ಚು ಹಾಕಿ ಆಮೇಲೆ ಮೇಲಿನಿಂದ ಕೊಯ್ದರೆ ತೊಗಟೆ ಸೀಳದು. ಮೋಟು ಬಿಡಬಾರದು, ಬುಡದ ಉಬ್ಬನ್ನೂ ಕೆತ್ತಬಾರದು.

3. ಗಾಯದ ಹಾಲು ಆರಿದ ಮೇಲೆ ಬೋರ್ಡೋ ಮುಲಾಮು ಬಳಿಯಿರಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಒಟ್ಟು 10 ಲೀಟರ್ ನೀರು. ಇದಕ್ಕೆ ಕಬ್ಬಿಣದ ಪಾತ್ರೆ ಬೇಡ. ಹೊಸದಾಗಿ ಬಿಸಿಲಿಗೆ ಬಿದ್ದ ತೊಗಟೆಗೆ ಸುಣ್ಣ ಹೊಡೆಯಿರಿ.

4. ರೋಗದ ಮರ ಮುಟ್ಟಿದ ಕತ್ತಿ, ಗರಗಸಗಳನ್ನು ಸ್ಪಿರಿಟ್ಟಿನಿಂದ ಒರೆಸಿಯೇ ಇನ್ನೊಂದು ಮರಕ್ಕೆ ಹೋಗಿ. ಕಡಿದದ್ದನ್ನು ತೋಟದಲ್ಲಿ ಒಟ್ಟದೆ ಹೊರಗೊಯ್ದು ಸುಡಿ. ಅಂಥ ಮರದಿಂದ ನಾಟಿಗೆ ಗೂಟ ತೆಗೆಯಬೇಡಿ.

5. ಹುಣ್ಣು ಕಾಂಡವನ್ನು ಅರ್ಧಕ್ಕಿಂತ ಹೆಚ್ಚು ಸುತ್ತಿದ್ದರೆ ಆ ಮರದ ಆಸೆ ಬಿಟ್ಟು ಪಕ್ಕದಲ್ಲಿ ಬೇರೆ ಸಸಿ ಎಬ್ಬಿಸಿ. ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ಅನುಮತಿಯ ವಿಷಯ ವಿಚಾರಿಸಿ.

ಒಳಗೆ ಹಬ್ಬಿದ ಹುಣ್ಣನ್ನು ಸಿಂಪಡಣೆ ಗುಣಪಡಿಸದು. ಔಷಧಿಯ ಖರ್ಚಿಗಿಂತ ಮರ ಹತ್ತುವವನ ಜೊತೆ ಅರ್ಧ ದಿನ ನಿಂತು ಕಡಿಸುವುದೇ ಲಾಭ. ಈ ಸಲ ಮರಗಸಿಗೆ ಮೊದಲು ಸದಸ್ಯರು ತಮ್ಮ ತೋಟದ ಅತ್ತಿ, ಬಸರಿಗಳನ್ನು ಒಂದು ಸುತ್ತು ನೋಡಿ ಬರಬೇಕೆಂದು ಕೋರುತ್ತೇವೆ.