ಟೊಮೇಟೊ ಅಡುಗೆಯಲ್ಲಿ ನೀರು ಮತ್ತು ಹುಳಿ

ಬೀದರ ಜಿಲ್ಲೆಯ ಠಾಣಾ ಕುಶನೂರದಂತಹ ಊರಿನ ಒಂದು ಮನೆಗೆ ರಾತ್ರಿಯ ಊಟಕ್ಕೆ ಎಂಟು ಮಂದಿ ಅತಿಥಿಗಳು ಬರುವರೆಂದು ಭಾವಿಸೋಣ. ಮನೆಯಲ್ಲಿ ತೊಗರಿಬೇಳೆ, ಜೋಳದ ಹಿಟ್ಟು, ಶೇಂಗಾ, ಉಳ್ಳಾಗಡ್ಡಿ ಇವೆ. ಸಂತೆಯಿಂದ ತಂದ ಎರಡು ಕಿಲೋಗ್ರಾಂ ಟೊಮೇಟೊ ಇದೆ. ಇಷ್ಟರಿಂದಲೇ ಟೊಮೇಟೊ ಬೇಳೆ, ಟೊಮೇಟೊ ಗೊಜ್ಜು, ಹಸಿ ಟೊಮೇಟೊ ಪಚಡಿ ಎಂಬ ಮೂರು ಸುಲಭ ಪದಾರ್ಥಗಳನ್ನು ಮಾಡಿ ರೊಟ್ಟಿಯೊಡನೆ ಬಡಿಸಬಹುದು. ಆದರೆ ಅತಿಥಿಗಳು ಬಂದು ಕುಳಿತ ಮೇಲೂ ಬೇಳೆ ಬೇಯದಿರುವುದು, ಗೊಜ್ಜು ನೀರಾಗಿಯೇ ಉಳಿಯುವುದು, ಪಚಡಿ ತಟ್ಟೆಯ ತುಂಬ ರಸ ಬಿಡುವುದು ಅನೇಕ ಮನೆಗಳಲ್ಲಿ ಕಂಡುಬರುವ ತೊಂದರೆಗಳು. ಇವುಗಳಿಗೆ ಅಡುಗೆ ಮಾಡಿದವರ ಕೈಗುಣವನ್ನು ದೂರುವುದು ವಾಡಿಕೆ. ನಿಜವಾದ ಕಾರಣಗಳು ಹಣ್ಣಿನ ರಚನೆಯಲ್ಲಿಯೇ ಇವೆ. ಅವನ್ನು ಅರಿತರೆ ಯಾವ ಕೆಲಸವನ್ನು ಮೊದಲು, ಯಾವುದನ್ನು ಅನಂತರ ಮಾಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಹಣ್ಣಿನೊಳಗೆ ಏನಿದೆ?

ಟೊಮೇಟೊ ಬದನೆ, ಆಲೂಗಡ್ಡೆ, ಮೆಣಸಿನಕಾಯಿಗಳ ಕುಟುಂಬಕ್ಕೆ ಸೇರಿದ ಸಸ್ಯ. ಇದರ ಮೂಲಸ್ಥಾನ ಅಮೆರಿಕ ಖಂಡ. ಯೂರೋಪಿಯನ್ನರ ಮೂಲಕ ಇದು ನಮ್ಮ ದೇಶಕ್ಕೆ ಬಂದಿತು. ಹಣ್ಣಿನ ತೂಕದಲ್ಲಿ ಶೇಕಡಾ 94ರಷ್ಟು ಬರಿಯ ನೀರು. ಉಳಿದ ಸ್ವಲ್ಪ ಭಾಗದಲ್ಲಿ ಸಕ್ಕರೆ, ನಾರು, ಲವಣಗಳು, ಮತ್ತು ಮುಖ್ಯವಾಗಿ ಸಿಟ್ರಿಕ್ ಆಮ್ಲ ಇವೆ. ಹಣ್ಣಿನ ರಸದ ಪಿಎಚ್ ಮೌಲ್ಯ ಸಾಮಾನ್ಯವಾಗಿ 4ರಿಂದ 4.6ರ ಒಳಗಿರುತ್ತದೆ. ಅಡುಗೆಮನೆಯ ಮೇಲಣ ತೊಂದರೆಗಳಿಗೆಲ್ಲ ಈ ಎರಡೇ ಮೂಲ: ಹೆಚ್ಚಾದ ನೀರು ಮತ್ತು ಹುಳಿಯಾದ ಆಮ್ಲ.

ಬೇಳೆ ಮೊದಲು, ಹುಳಿ ಅನಂತರ

ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ವಸ್ತುಗಳಲ್ಲಿ ಪೆಕ್ಟಿನ್ ಎಂಬುದು ಮುಖ್ಯವಾದುದು. ಕುದಿಯುವ ನೀರಿನಲ್ಲಿ ಇದು ಕ್ರಮೇಣ ಸಡಿಲಗೊಂಡು ಕರಗುತ್ತದೆ. ಆಗ ಕಾಳು ಮೆತ್ತಗಾಗುತ್ತದೆ. ನೀರಿನಲ್ಲಿ ಆಮ್ಲವಿದ್ದರೆ ಈ ಕರಗುವಿಕೆ ಬಹಳ ನಿಧಾನವಾಗುತ್ತದೆ. ಆದುದರಿಂದ ಟೊಮೇಟೊ ಹೋಳುಗಳನ್ನು ಮೊದಲೇ ಬೇಳೆಯೊಡನೆ ಹಾಕಿದರೆ ಎಷ್ಟು ಕುದಿಸಿದರೂ ಕಾಳು ಗಟ್ಟಿಯಾಗಿಯೇ ಉಳಿಯಬಹುದು. ಹುಣಿಸೆಯ ರಸಕ್ಕೂ ಇದೇ ನಿಯಮ.

ಇದರೊಡನೆ ಸ್ಥಳದ ಎತ್ತರವೂ ಸೇರುತ್ತದೆ. ಬೀದರ ನಗರ ಸಮುದ್ರಮಟ್ಟದಿಂದ ಸುಮಾರು 660 ಮೀಟರು ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ವಾಯುವಿನ ಒತ್ತಡ ಕಡಿಮೆಯಾಗಿ, ಪ್ರತಿ 300 ಮೀಟರಿಗೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಆದುದರಿಂದ ಈ ಪ್ರಸ್ಥಭೂಮಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಏರುವುದರಿಂದ ಉಷ್ಣತೆ 120 ಡಿಗ್ರಿಯ ಸಮೀಪಕ್ಕೆ ಹೋಗಿ ಬೇಳೆ ಬೇಗ ಬೇಯುತ್ತದೆ. ಎಂಟು ಮಂದಿಗೆ 400 ಗ್ರಾಂ ತೊಗರಿಬೇಳೆಯನ್ನು ಅರಿಸಿನದೊಡನೆ ಮೊದಲು ಪೂರ್ಣವಾಗಿ ಬೇಯಿಸಿ, ಆಮೇಲೆ ಅರ್ಧ ಕಿಲೋಗ್ರಾಂ ಟೊಮೇಟೊ, ಉಪ್ಪು, ಖಾರ ಸೇರಿಸಿ ಹತ್ತು ನಿಮಿಷ ಕುದಿಸಿ ಒಗ್ಗರಣೆ ಕೊಟ್ಟರೆ ಸಾಕು.

ಗೊಜ್ಜು ಗಟ್ಟಿಯಾಗುವ ಬಗೆ

ಗೊಜ್ಜಿಗೆ ಒಂದು ಕಿಲೋಗ್ರಾಂ ಟೊಮೇಟೊ ತೆಗೆದುಕೊಂಡು ಅದರ ತೂಕ ಅರ್ಧಕ್ಕೆ ಇಳಿಯುವವರೆಗೆ ಬಾಡಿಸಬೇಕೆಂದಿಟ್ಟುಕೊಳ್ಳೋಣ. ಹಣ್ಣನ್ನು ಬಹುಮಟ್ಟಿಗೆ ನೀರೆಂದೇ ಎಣಿಸಿದರೆ, ಅದನ್ನು 28 ಡಿಗ್ರಿಯಿಂದ 98 ಡಿಗ್ರಿಗೆ ಕಾಯಿಸಲು ಸುಮಾರು 70 ಕಿಲೋಕ್ಯಾಲರಿ ಶಾಖ ಬೇಕು. ಆದರೆ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲರಿ ಗುಪ್ತೋಷ್ಣ ಬೇಕಾಗುವುದರಿಂದ, ಅರ್ಧ ಕಿಲೋಗ್ರಾಂ ನೀರನ್ನು ಓಡಿಸಲು 270 ಕಿಲೋಕ್ಯಾಲರಿ ವ್ಯಯವಾಗುತ್ತದೆ. ಎಂದರೆ ಕಾಯಿಸುವ ಖರ್ಚಿಗಿಂತ ಒಣಗಿಸುವ ಖರ್ಚು ಸುಮಾರು ನಾಲ್ಕು ಪಟ್ಟು. ಒಂದು ಕಿಲೋಗ್ರಾಂ ಅಡುಗೆ ಅನಿಲ ಸುಮಾರು 11,000 ಕಿಲೋಕ್ಯಾಲರಿ ಶಾಖ ಕೊಡುತ್ತದೆ. ಅದರಲ್ಲಿ ಅರ್ಧ ಮಾತ್ರ ಪಾತ್ರೆಗೆ ತಲಪುತ್ತದೆಂದು ಎಣಿಸಿದರೆ, ಈ ನೀರನ್ನು ಆವಿಮಾಡುವುದಕ್ಕೇ ಸುಮಾರು 50 ಗ್ರಾಂ ಅನಿಲ ಉರಿಯುತ್ತದೆ.

ಈ ವ್ಯಯವನ್ನು ತಗ್ಗಿಸಲು ಸುಲಭವಾದ ಉಪಾಯವೊಂದಿದೆ. ಹೆಚ್ಚಿದ ಹೋಳುಗಳಿಗೆ ಉಪ್ಪು ಬೆರೆಸಿ ಅರ್ಧ ಗಂಟೆ ಇಡಬೇಕು. ಹೊರಗಿನ ಉಪ್ಪಿನ ದ್ರಾವಣ ಕೋಶಗಳೊಳಗಿನ ರಸಕ್ಕಿಂತ ಸಾಂದ್ರವಾಗಿರುವುದರಿಂದ, ನೀರು ಕೋಶಗಳ ಪೊರೆಯನ್ನು ದಾಟಿ ಹೊರಕ್ಕೆ ಬರುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. ಹೀಗೆ ಬಸಿದ ರಸವನ್ನು ಚೆಲ್ಲದೆ, ಬೆಂದ ಬೇಳೆಗೆ ಸೇರಿಸಬೇಕು. ಅಲ್ಲಿ ಉಪ್ಪನ್ನು ಅಷ್ಟು ಕಡಿಮೆ ಹಾಕಬೇಕು. 250 ಗ್ರಾಂ ರಸ ಬಸಿದುಬಂದರೆ ಒಣಗಿಸುವ ಶಾಖದಲ್ಲಿ ಅರ್ಧ ಉಳಿಯಿತು! ಬೀಜದ ಸುತ್ತಲಿನ ಲೋಳೆಯನ್ನೂ ಎಸೆಯಬಾರದು. ಜಪಾನಿನ ಇಕೆಡ ಎಂಬ ರಸಾಯನ ವಿಜ್ಞಾನಿ 1908ರಲ್ಲಿ ಗುರುತಿಸಿದ, ಸಾರಿಗೆ ತುಂಬುರುಚಿ ಕೊಡುವ ಗ್ಲುಟಮೇಟ್ ಎಂಬ ವಸ್ತು ಹಣ್ಣಿನ ತಿರುಳಿಗಿಂತ ಈ ಲೋಳೆಯಲ್ಲಿಯೇ ಹೆಚ್ಚಾಗಿರುತ್ತದೆ.

ಎಣ್ಣೆ ಕಾದಿರುವಾಗ ಹಸಿ ಹೋಳುಗಳನ್ನು ಒಮ್ಮೆಲೇ ಸುರಿಯುವುದು ಅಪಾಯಕರ. ಒಗ್ಗರಣೆಯ ಎಣ್ಣೆಯ ಉಷ್ಣತೆ ನೀರಿನ ಕುದಿಬಿಂದುವನ್ನು ಮೀರಿರುತ್ತದೆ. ಅದರೊಳಗೆ ಇಳಿದ ನೀರಿನ ಹನಿ ಕ್ಷಣದಲ್ಲಿ ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗಿ ಎಣ್ಣೆಯನ್ನು ಸಿಡಿಸುತ್ತದೆ. ಉಳ್ಳಾಗಡ್ಡಿ ಬಾಡಿದ ಮೇಲೆ ಉರಿ ತಗ್ಗಿಸಿ ಹೋಳುಗಳನ್ನು ಮೆಲ್ಲನೆ ಜಾರಿಸಬೇಕು. ಮುಚ್ಚಳ ಹಾಕಿದರೆ ಆವಿ ತಣಿದು ಮತ್ತೆ ಒಳಗೇ ಬೀಳುವುದರಿಂದ, ಅಗಲವಾದ ಪಾತ್ರೆಯನ್ನು ತೆರೆದಿಡಬೇಕು. ಗೊಜ್ಜು ಗಟ್ಟಿಯಾದಂತೆ ಅದರಲ್ಲಿ ಸಂವಹನ ಪ್ರವಾಹಗಳು ನಿಂತುಹೋಗುತ್ತವೆ. ತಳದ ಶಾಖ ಮೇಲಕ್ಕೆ ಬಾರದೆ ತಳ ಸೀಯುತ್ತದೆ. ಕೊನೆಯಲ್ಲಿ ಬಿಡದೆ ಕೈಯಾಡಿಸಬೇಕೆಂಬುದಕ್ಕೆ ಇದೇ ಕಾರಣ. ಹುಳಿ ಹೆಚ್ಚಾಯಿತೆಂದು ಬೆಲ್ಲ ಹಾಕುವುದುಂಟು; ಬೆಲ್ಲ ಹುಳಿಯನ್ನು ನಾಲಗೆಗೆ ಮರೆಮಾಡುವುದೇ ಹೊರತು ಆಮ್ಲವನ್ನು ನಾಶಮಾಡುವುದಿಲ್ಲ.

ಪಚಡಿ ಮತ್ತು ಪಾತ್ರೆ

ಗೊಜ್ಜಿಗೆ ನೆರವಾದ ಅಭಿಸರಣೆಯೇ ಪಚಡಿಗೆ ಕೇಡು. ಉಳಿದ ಅರ್ಧ ಕಿಲೋಗ್ರಾಂ ಟೊಮೇಟೊ, ಉಳ್ಳಾಗಡ್ಡಿ, ಕೊತ್ತಂಬರಿಗಳನ್ನು ಹೆಚ್ಚಿಟ್ಟು, ಅತಿಥಿಗಳು ಎಲೆಯ ಮುಂದೆ ಕುಳಿತ ಮೇಲೆಯೇ ಉಪ್ಪು ಬೆರೆಸಬೇಕು. ಹುರಿದ ಶೇಂಗಾ ಪುಡಿಯನ್ನು ಸೇರಿಸಿದರೆ ಅಷ್ಟಿಷ್ಟು ಬಿಟ್ಟ ರಸವನ್ನು ಅದು ಹೀರಿಕೊಳ್ಳುತ್ತದೆ.

ಪಾತ್ರೆಯ ವಿಷಯದಲ್ಲಿ ಎಚ್ಚರ ಅವಶ್ಯ. ಆಮ್ಲ ತಾಮ್ರ, ಹಿತ್ತಾಳೆಗಳನ್ನು ಕೊರೆದು ವಿಷಕರವಾದ ಲವಣಗಳನ್ನು ಉಂಟುಮಾಡುತ್ತದೆ. ಕಲಾಯಿ ಹೋದ ಪಾತ್ರೆಯಲ್ಲಿ ಟೊಮೇಟೊ ಬೇಯಿಸಕೂಡದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಉಳಿದ ಸಾರನ್ನು ರಾತ್ರಿಯೆಲ್ಲ ಇಡಬಾರದು. ನಮ್ಮ ಜಿಲ್ಲೆಗೆ ಕೀರ್ತಿ ತಂದ ಬಿದರಿ ಪಾತ್ರೆಗಳು ಬಹುಪಾಲು ಸತುವಿನಿಂದಾದವು. ಸತುವು ಆಮ್ಲದಲ್ಲಿ ಸುಲಭವಾಗಿ ಕರಗುತ್ತದೆ. ಅತಿಥಿಗಳಿಗೆ ಅವನ್ನು ತೋರಿಸಿ ಸಂತೋಷಪಡಿಸೋಣ. ಪಚಡಿಯನ್ನು ಮಾತ್ರ ಉಕ್ಕಿನ ಅಥವಾ ಪಿಂಗಾಣಿಯ ಬಟ್ಟಲಿನಲ್ಲಿ ಬಡಿಸೋಣ.

ಒಂದು ಪ್ರಯೋಗ

ಮೇಲೆ ಹೇಳಿದುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಸಮಾನವಾದ ಎರಡು ಪಾತ್ರೆಗಳಲ್ಲಿ ತಲಾ 50 ಗ್ರಾಂ ತೊಗರಿಬೇಳೆ ಹಾಕಿರಿ. ಒಂದಕ್ಕೆ 400 ಮಿಲಿಲೀಟರು ನೀರು ಹಾಕಿರಿ. ಇನ್ನೊಂದಕ್ಕೆ 300 ಮಿಲಿಲೀಟರು ನೀರು ಮತ್ತು ಹಿಸುಕಿದ 100 ಗ್ರಾಂ ಟೊಮೇಟೊ ಹಾಕಿರಿ. ಎರಡನ್ನೂ ಒಂದೇ ಪ್ರಮಾಣದ ಉರಿಯ ಮೇಲೆ ಕುದಿಸಿ, ಐದೈದು ನಿಮಿಷಕ್ಕೊಮ್ಮೆ ಪ್ರತಿಯೊಂದರಿಂದ ಒಂದೊಂದು ಕಾಳನ್ನು ಚಮಚದಿಂದ ತೆಗೆದು, ಆರಿಸಿ, ಬೆರಳುಗಳ ನಡುವೆ ಹಿಸುಕಿರಿ. ಯಾವುದು ಎಷ್ಟು ನಿಮಿಷದಲ್ಲಿ ಮೆತ್ತಗಾಯಿತೆಂಬುದನ್ನು ಬರೆದಿಡಿರಿ. ಎರಡರಲ್ಲಿಯೂ ಬೇಳೆ, ಉರಿ, ಪಾತ್ರೆಗಳು ಒಂದೇ ಆಗಿದ್ದು, ಹುಳಿಯೊಂದೇ ಬೇರೆಯಾಗಿರುವುದರಿಂದ, ಕಾಲದ ಅಂತರಕ್ಕೆ ಕಾರಣವೇನೆಂಬುದನ್ನು ನೀವೇ ನಿರ್ಧರಿಸಬಲ್ಲಿರಿ. ಪ್ರಯೋಗ ಮುಗಿದ ಮೇಲೆ ಎರಡನ್ನೂ ಕೂಡಿಸಿ ಒಗ್ಗರಣೆ ಕೊಟ್ಟರೆ ಮನೆಯವರ ಊಟಕ್ಕೂ ಆಯಿತು.