ಬಾಯ್ಲರಿಗೆ ತ್ಯಾಜ್ಯಜನ್ಯ ಇಂಧನ: ತೆಂಗಿನ ನಾಡಿನ ಉದ್ಯಮಿಗಳು ಹಾಕಬೇಕಾದ ಲೆಕ್ಕ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಕೊಬ್ಬರಿ ವಹಿವಾಟಿನೊಡನೆ ತೆಂಗಿನ ಪುಡಿಯ ಕಾರ್ಖಾನೆಗಳೂ ಬೆಳೆದಿವೆ. ತುರಿಯನ್ನು ಒಣಗಿಸಲು ಹಬೆ ಬೇಕು. ಹಬೆಗೆ ಬಾಯ್ಲರ್ ಬೇಕು. ಬಾಯ್ಲರಿಗೆ ಚಿಪ್ಪು, ಸೌದೆ ಅಥವಾ ಕಲ್ಲಿದ್ದಲು ಬೇಕು. ಇದ್ದಿಲು ಹಾಗೂ ಸಕ್ರಿಯ ಇಂಗಾಲದ ತಯಾರಕರಿಂದ ಚಿಪ್ಪಿಗೆ ಒಳ್ಳೆಯ ಬೇಡಿಕೆಯಿರುವುದರಿಂದ, ಚಿಪ್ಪನ್ನು ಮಾರಿ ಅದರ ಬದಲು ಅಗ್ಗದ ತ್ಯಾಜ್ಯಜನ್ಯ ಇಂಧನವನ್ನು ಸುಡಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಇಂಧನದ ಸ್ವರೂಪ

ನಗರದ ಒಣ ಕಸದಲ್ಲಿ ಮರುಬಳಕೆಗೆ ಬಾರದ ಪ್ಲಾಸ್ಟಿಕ್, ಕಾಗದ, ಬಟ್ಟೆಗಳನ್ನು ಬೇರ್ಪಡಿಸಿ, ಚೂರು ಮಾಡಿ, ಒಣಗಿಸಿದರೆ ದೊರೆಯುವುದೇ ಆರ್‌ಡಿಎಫ್ ಎಂಬ ತ್ಯಾಜ್ಯಜನ್ಯ ಇಂಧನ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಂತೆ ಇದರ ಮೂರನೆಯ ದರ್ಜೆಗೆ ಕಿಲೋಗೆ 3,000, ಎರಡನೆಯದಕ್ಕೆ 3,750, ಮೊದಲನೆಯದಕ್ಕೆ 4,500 ಕಿಲೋಕ್ಯಾಲೊರಿಗಿಂತ ಹೆಚ್ಚಿನ ಶಾಖಮೌಲ್ಯವಿರಬೇಕು.

ಬೆಂಗಳೂರಿನ ಇಂತಹ ಕಸ ಸಿಮೆಂಟ್ ಕಾರ್ಖಾನೆಗಳಿಗೆ ಹೋಗಿದೆ. ಸಿಮೆಂಟ್ ಗೂಡಿನೊಳಗೆ ಕಚ್ಚಾವಸ್ತು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಬೂದಿಯೂ ಸಿಮೆಂಟಿನಲ್ಲಿಯೇ ಸೇರಿಹೋಗುತ್ತದೆ. ಬಿಡದಿಯಲ್ಲಿ 2024ರಲ್ಲಿ ಉದ್ಘಾಟನೆಗೊಂಡ 11.5 ಮೆಗಾವಾಟ್ ಸ್ಥಾವರವಂತೂ ಕಸಕ್ಕೆಂದೇ ಕಟ್ಟಿದ್ದು. ತೆಂಗಿನ ಪುಡಿ ಘಟಕದ ಸಣ್ಣ ಬಾಯ್ಲರಿಗೆ ಈ ಎರಡು ಅನುಕೂಲಗಳೂ ಇಲ್ಲ.

ಶಾಖದ ಲೆಕ್ಕ

ಲೆಕ್ಕದ ಕ್ರಮವನ್ನು ತೋರಿಸುವುದಕ್ಕಷ್ಟೇ ಕೆಲವು ಅಂಕಿಗಳನ್ನು ಹಿಡಿಯೋಣ. ಘಟಕವೊಂದು ದಿನಕ್ಕೆ 3 ಟನ್ ಚಿಪ್ಪು ಸುಡುತ್ತದೆ. ಅದರಲ್ಲಿ ಹತ್ತನೆಯ ಒಂದು ಭಾಗ, ಅಂದರೆ 300 ಕಿಲೋ ಉಳಿಸಬೇಕೆಂದಿದೆ. ಚಿಪ್ಪಿನ ಶಾಖ ಕಿಲೋಗೆ 4,000 ಕಿಲೋಕ್ಯಾಲೊರಿ, ಬಾಯ್ಲರಿನ ದಕ್ಷತೆ ಶೇ. 70 ಎಂದರೆ ಉಪಯುಕ್ತ ಶಾಖ 8,40,000 ಕಿಲೋಕ್ಯಾಲೊರಿ. ಮೂರನೆಯ ದರ್ಜೆಯ ಆರ್‌ಡಿಎಫ್‌ನಿಂದ ಶೇ. 65 ದಕ್ಷತೆಯಲ್ಲಿ ಇಷ್ಟೇ ಶಾಖ ಪಡೆಯಲು 431 ಕಿಲೋ ಬೇಕು. ಕಿಲೋಗೆ ಕಿಲೋ ಹೋಲಿಸುವುದು ಮೊದಲನೆಯ ತಪ್ಪು.

ಚಿಪ್ಪಿನ ಬೆಲೆ ಕಿಲೋಗೆ 15 ರೂ. ಎಂದರೆ 300 ಕಿಲೋಗೆ 4,500 ರೂ. ಆರ್‌ಡಿಎಫ್ ಸಾಗಣೆ ಸೇರಿ 3 ರೂ. ಎಂದರೆ ಖರ್ಚು 1,293 ರೂ. ದಿನಕ್ಕೆ 3,207 ರೂ. ಉಳಿತಾಯವೆಂದು ಕಾಣುತ್ತದೆ. ಸ್ವಂತ ಚಿಪ್ಪು ಪುಕ್ಕಟೆಯಲ್ಲ, ಮಾರುಕಟ್ಟೆ ಬೆಲೆಯೇ ಅದರ ವೆಚ್ಚ ಎಂಬ ಪಾಠ ಇಲ್ಲಿದೆ.

ಆದರೆ ಚಿಪ್ಪನ್ನು ಮಾರಿ ಸೌದೆಯನ್ನೂ ಸುಡಬಹುದಲ್ಲವೆ? ಅಷ್ಟೇ ಶಾಖಮೌಲ್ಯದ ಒಣ ಸೌದೆ 5 ರೂ.ಗೆ ದೊರೆತರೆ 431 ಕಿಲೋಗೆ 2,155 ರೂ. ಹಾಗಾದರೆ ಆರ್‌ಡಿಎಫ್‌ನ ನಿಜವಾದ ಲಾಭ ದಿನಕ್ಕೆ 862 ರೂ., 25 ದಿನಕ್ಕೆ 21,550 ರೂ. ಮಾತ್ರ. ಉಳಿದ ಲಾಭ ಚಿಪ್ಪು ಮಾರಿದ್ದರಿಂದ ಬಂದದ್ದೇ ಹೊರತು ಕಸ ಸುಟ್ಟಿದ್ದರಿಂದಲ್ಲ. ಇದನ್ನು ಮರೆಯುವುದು ಎರಡನೆಯ ತಪ್ಪು.

ಕಾಣದ ವೆಚ್ಚಗಳು

ಈ 21,550 ರೂ.ಗಳಿಂದ ಕಳೆಯಬೇಕಾದುವು ಹಲವು. ಬೂದಿ ಶೇ. 15 ಇದ್ದರೆ ತಿಂಗಳಿಗೆ ಸುಮಾರು 1.6 ಟನ್ ಬೂದಿ ವಿಲೇವಾರಿಯಾಗಬೇಕು. ಚಿಪ್ಪಿನಲ್ಲಾದರೋ ಬೂದಿ ಬಹು ಅಲ್ಪ. ಪಿವಿಸಿ ಪ್ಲಾಸ್ಟಿಕ್ ಬೆರೆತಿದ್ದರೆ ಅದರ ಕ್ಲೋರಿನ್ ಆಮ್ಲಾನಿಲವಾಗಿ ಕೊಳವೆಗಳನ್ನು ತಿನ್ನುತ್ತದೆ. ಉರಿ ಸಾಲದಿದ್ದರೆ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಕೊಳವೆ ತೂತಾಗಿ ಒಂದೆರಡು ದಿನ ಕಾರ್ಖಾನೆ ನಿಂತರೆ ಕೆಲವು ತಿಂಗಳ ಲಾಭ ಕೊಚ್ಚಿಹೋದೀತು. ಹೊಗೆ ನೇರವಾಗಿ ತಿನಿಸಿಗೆ ತಾಗುವ ಒಣಗೂಡುಗಳಲ್ಲಿ ಈ ಇಂಧನ ಸರ್ವಥಾ ಸಲ್ಲದು.

ಕಾನೂನಿನ ಮಾತು

ಆರ್‌ಡಿಎಫ್ ಸ್ಥಾವರದಿಂದ 100 ಕಿ.ಮೀ. ಒಳಗಿರುವ, ಇಂಧನ ಬಳಸುವ ಕೈಗಾರಿಕೆಗಳು ತಮ್ಮ ಇಂಧನದ ಕನಿಷ್ಠ ಶೇ. 5ನ್ನು ಇದರಿಂದ ತುಂಬಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದ್ದವು. 2026ರ ಜನವರಿಯಲ್ಲಿ ಪ್ರಕಟವಾದ, ಏಪ್ರಿಲ್ 1ನ್ನು ಜಾರಿಯ ದಿನವಾಗಿ ಗೊತ್ತುಪಡಿಸಿದ ಹೊಸ ನಿಯಮಗಳು ಘನ ಇಂಧನ ಬಳಸುವ ಕೈಗಾರಿಕೆಗಳಿಗೆ ಈ ಪ್ರಮಾಣವನ್ನು ಆರು ವರ್ಷಗಳಲ್ಲಿ ಶೇ. 15ಕ್ಕೆ ಏರಿಸುವ ಗುರಿ ಹೊಂದಿವೆ. ಆದಕಾರಣ ತಮ್ಮ ಘಟಕಕ್ಕೆ ಇವು ಎಷ್ಟರಮಟ್ಟಿಗೆ ಅನ್ವಯವೆಂಬುದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಲಿಖಿತವಾಗಿ ಪಡೆಯುವುದು ಲೇಸು. ಮಂಡಳಿಯ ಸಮ್ಮತಿಪತ್ರದಲ್ಲಿ ಇಂಧನದ ಹೆಸರು ನಮೂದಾಗಿರುತ್ತದೆ. ಅದನ್ನು ತಿದ್ದಿಸದೆ ಇಂಧನ ಬದಲಿಸುವುದು ದಂಡಕ್ಕೆ ದಾರಿ.

ಉದ್ಯಮಿಗಳು ಅನುಸರಿಸಬೇಕಾದ ಕ್ರಮ

1. ಪ್ರತಿ ಲೋಡಿಗೂ ಶಾಖಮೌಲ್ಯ, ತೇವಾಂಶ, ಬೂದಿ, ಕ್ಲೋರಿನ್‌ಗಳ ಪ್ರಯೋಗಾಲಯ ವರದಿ ಕೇಳಬೇಕು.

2. ದರವನ್ನು ತೂಕಕ್ಕಲ್ಲ, ಶಾಖಕ್ಕೆ ಕಟ್ಟಬೇಕು. ತೇವಾಂಶ ಹೆಚ್ಚಿದರೆ ದರ ಇಳಿಯುವ ಷರತ್ತು ಕರಾರಿನಲ್ಲಿರಬೇಕು.

3. ಬಾಯ್ಲರ್ ತಯಾರಕರ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಬುಟ್ಟಿಯನ್ನೂ ಒಲೆಗೆ ಹಾಕಬಾರದು.

4. ಬೂದಿ, ದುರಸ್ತಿ, ಪರೀಕ್ಷೆಗಳ ಖರ್ಚಿಗೆ ಪ್ರತ್ಯೇಕ ಖಾತೆ ತೆರೆದು, ಮೂರು ತಿಂಗಳ ನಂತರ ಸೌದೆಯ ಖರ್ಚಿನೊಡನೆ ತಾಳೆ ನೋಡಬೇಕು.

ಊರಿನ ಕಸ ಕರಗಬೇಕೆಂಬುದು ನಿರ್ವಿವಾದ. ಆದರೆ ಅದನ್ನು ಯಾವ ಒಲೆಯಲ್ಲಿ ಕರಗಿಸಬೇಕೆಂಬುದನ್ನು ಸರಬರಾಜುದಾರನ ದರಪಟ್ಟಿ ನಿರ್ಧರಿಸಬಾರದು. ಬಾಯ್ಲರಿನ ಶಕ್ತಿ ಮತ್ತು ಲೆಕ್ಕಪುಸ್ತಕದ ಕೊನೆಯ ಸಾಲು ನಿರ್ಧರಿಸಬೇಕು.